ತಲೆಕೆಳಗಾದ ಕೊಳವೆ

ಶಾಲೆಯ ಮಕ್ಕಳು ಕಡಲ ಸಂಶೋಧನಾಲಯ ನೋಡಲು ಹೋದ ದಿನ ಕೆಸರಕ್ಕ ಮೊದಲು ಕಣ್ಣಿಗೆ ಬಿದ್ದದ್ದೇ ಕೆಸರು ತಿನ್ನುತ್ತ! ಕಡಲ ತಳದಿಂದ ಉದ್ದನೆಯ ಕೊಳವೆಗಳಲ್ಲಿ ತೆಗೆದ ಕೆಸರನ್ನು ಜೋಡಿಸಿಡುವುದು ಅವರ ಕೆಲಸ; ಹೆಸರೂ ಅಲ್ಲಿಂದಲೇ ಬಂದದ್ದು. ಒಂದು ಚಿಟಿಕೆಯನ್ನು ಹಲ್ಲಿನ ನಡುವೆ ಕಡಿದು, "ಕರಕರ ಅಂದ್ರೆ ಹೂಳು, ಬೆಣ್ಣೆ ಥರ ಜಾರಿದ್ರೆ ಜೇಡಿ. ನೀವು ಕೇಳ್ಬೇಡಿ ಮಕ್ಕಳೇ, ನಂಗೇ ಸಾಲಲ್ಲ" ಎಂದರು.

ಅಷ್ಟರಲ್ಲಿ ಅಲ್ಲಿನ ವಿಜ್ಞಾನಿಯೊಬ್ಬರು ಮೇಜಿನ ಮೇಲೆ ಸೀಳಿಟ್ಟಿದ್ದ ಕೊಳವೆಯೊಂದನ್ನು ತೋರಿಸಿದರು. ಕೆಳಗೆ ಚಿಪ್ಪುಗಳು, ಮೇಲೆ ಬೇರುಗಳಿದ್ದ ಕಪ್ಪು ಮಣ್ಣು. "ಕೆಳಗಿನ ಪದರವೇ ಹಳೇದು. ಅಂದ್ರೆ ಇಲ್ಲಿ ಮೊದಲು ಕಡಲಿತ್ತು, ಆಮೇಲೆ ನೆಲವಾಯ್ತು. ನಾವು ತಿಳಿದದ್ದಕ್ಕೆ ತದ್ವಿರುದ್ಧ! ನಾಳೆನೇ ವರದಿ ಕಳಿಸ್ತೀನಿ" ಎಂದರು.

ಕೆಸರಕ್ಕ ಕೊಳವೆಯ ಹತ್ತಿರ ಬಗ್ಗಿದರು. ಬೇರುಗಳೆಲ್ಲ ಮೇಲ್ಮುಖವಾಗಿ ಕವಲೊಡೆದಿದ್ದವು. ದೋಣಿಯಲ್ಲಿ ಆ ಕೊಳವೆಗೆ ಯಾವ ತುದಿ ಮೇಲೆಂದು ಗುರುತಿಸುವ ಚೀಟಿ ಅಂಟಿಸಿದವರು ಅವರೇ. ಇನ್ನೊಂದು ತಪ್ಪಾದರೆ ದೋಣಿ ಹತ್ತುವಂತಿಲ್ಲವೆಂಬ ಎಚ್ಚರಿಕೆ ಆಗಲೇ ಸಿಕ್ಕಿತ್ತು. ದೋಣಿಯೆಂದರೆ ಅವರಿಗೆ ತವರುಮನೆ. ಆದರೂ ಬಾಯಿ ತಡೆಯಲಿಲ್ಲ.

"ಸಾರ್, ಬೇರು ಎಲ್ಲಾದ್ರೂ ಆಕಾಶ ಹುಡುಕ್ಕೊಂಡು ಹೋಗುತ್ತಾ? ನಾನೇ ಚೀಟಿನ ಉಲ್ಟಾ ಅಂಟಿಸಿದ್ದೀನಿ. ಇಲ್ಲಿ ಮೊದಲು ಇದ್ದದ್ದು ನೆಲಾನೇ. ಕಡಲು ಆಮೇಲೆ ಬಂದದ್ದು."

ವಿಜ್ಞಾನಿ ಬಗ್ಗಿ ನೋಡಿ ತಲೆ ಚಚ್ಚಿಕೊಂಡರು. "ನಿಮ್ಮನ್ನ ದೋಣಿಯಿಂದ ಇಳಿಸಿದ್ರೆ ನನ್ನ ಮಾನ ಉಳಿಸೋರು ಯಾರಮ್ಮ?"

ಕೆಸರಕ್ಕ ಈಗಲೂ ದೋಣಿಯಲ್ಲಿದ್ದಾರೆ. ಕೊಳವೆ ನೀರಿಗಿಳಿಯುವ ಮೊದಲೇ ಅದರ ಮೈಮೇಲೆ ಕೆಂಪು ಬಣ್ಣದಲ್ಲಿ ಮೇಲ್ಮುಖದ ಬಾಣವೊಂದನ್ನು ಬರೆಯುತ್ತಾರೆ. ಕನ್ನಡಕ ಒರೆಸಿಕೊಂಡು, ಪಕ್ಕದಲ್ಲೇ ಇನ್ನೊಂದನ್ನೂ ಬರೆಯುತ್ತಾರೆ.