ಚಪ್ಪಾಳೆ ಗಿಟ್ಟಿಸಿದ ಲೈಟು, ಸುಟ್ಟುಕೊಂಡ ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಿನಿಮಾ ಶಾಲೆಯ ನೆಲಮಾಳಿಗೆಯಲ್ಲಿ, ಶೂಟಿಂಗ್ ಸಾಮಾನಿನ ಕೋಣೆಯಲ್ಲಿ, ಅದರ ಉಸ್ತುವಾರಿ ಹೊತ್ತ ಮಹಿಳೆ ಕುಕ್ಕರುಗಾಲಲ್ಲಿ ಕೂತು ಮರಳುಚೀಲಗಳ ಹೊಲಿಗೆ ತಡವಿ ನೋಡುತ್ತಿದ್ದಾರೆ. ಲೈಟಿನ ಸ್ಟ್ಯಾಂಡಿನ ಕಾಲ ಮೇಲೆ ಈ ಚೀಲ ಕೂತಿದ್ದರೆ ಗಾಳಿ ಬೀಸಿದರೂ ಲೈಟು ಮಗುಚುವುದಿಲ್ಲ. ಬಿಚ್ಚಿದ ಹೊಲಿಗೆ ಹಾಕುವುದು ಎಡಗೈಯಲ್ಲಿ. ಬಲಗೈಯ ಬೆರಳುಗಳು ಪೂರ್ತಿ ಮಡಚುವುದಿಲ್ಲ. ಅಂಗೈಯ ಚರ್ಮ ಸುಕ್ಕುಗಟ್ಟಿ ಎಳೆದುಕೊಂಡಿದೆ.

ವಿದ್ಯಾರ್ಥಿಗಳಿಗೆ ಇವರು ಎದುರಿಗೆ ಅಕ್ಕ, ಬೆನ್ನ ಹಿಂದೆ ಬೇಡಕ್ಕ. ಒದ್ದೆ ನೆಲದ ಮೇಲೆ ವೈರು ಎಳೆಯೋಣವೇ? ಬೇಡ. ತಾರಸಿಯ ಗೋಡೆಯ ಮೇಲೆ ಕ್ಯಾಮೆರಾ ಇಡೋಣವೇ? ಬೇಡವೇ ಬೇಡ. ಕ್ಯಾಮೆರಾ ಕೈ ಬದಲಾಗುವಾಗ ತೆಗೆದುಕೊಳ್ಳುವವರು "ಬಂತು" ಅನ್ನಬೇಕು, ಆಮೇಲೆಯೇ ಕೊಡುವವರು ಕೈ ಬಿಡಬೇಕು. ಇದು ಅವರೇ ಹಾಕಿಕೊಟ್ಟ ಪದ್ಧತಿ. "ಬೈಕೊಳ್ಲಿ ಬಿಡಿ. ಬೈಯೋಕೆ ಬಾಯಿ ನೆಟ್ಟಗಿದ್ರೆ ಸಾಕು ನಂಗೆ," ಎಂದು ನಗುತ್ತಾರೆ.

ಈ ಕೆಲಸಕ್ಕೆ ಸೇರಿದ ಮೇಲೆ ಅವರು ಒಮ್ಮೆ ಮಾತ್ರ ಹೂಂ ಅಂದಿದ್ದಾರೆ. ಕೇಳಿದವಳು ಹೆತ್ತ ಮಗಳು.

ಮಗಳೂ ಇಲ್ಲೇ ಕಲಿತವಳು. ಕೊನೆಯ ವರ್ಷದ ಚಿತ್ರಕ್ಕೆ ತಾರಸಿಯ ಮೇಲೆ ಶೂಟಿಂಗ್. ನೆಲದ ಮೇಲೆ ಮಲಗಿದ್ದ ನಟಿಯ ಮುಖವನ್ನು ತೀರಾ ತಗ್ಗಿನಿಂದ ತೆಗೆಯಬೇಕಿತ್ತು, ಕ್ಯಾಮೆರಾ ಕೂರಿಸಲು ಮೆತ್ತಗಿನದೇನಾದರೂ ಬೇಕಿತ್ತು. "ಅಮ್ಮಾ, ಆ ಲೈಟಿನ ಚೀಲ ಕೊಡು, ಒಂದೇ ಶಾಟು," ಎಂದಳು ಮಗಳು. ಕೆಳಗಿಂದ ಬೇರೆ ತರುತ್ತೇನೆ ಎಂದರೆ, ಅಷ್ಟರಲ್ಲಿ ಸಂಜೆ ಬೆಳಕು ಹೋಗುತ್ತದೆ ಎಂದು ಮುಖ ಸಣ್ಣ ಮಾಡಿದಳು. ತಾಯಿ ಚೀಲ ತೆಗೆದುಕೊಟ್ಟು, ಅದರ ಬದಲಿಗೆ ತಾವೇ ಸ್ಟ್ಯಾಂಡ್ ಹಿಡಿದು ನಿಂತರು.

ಗಾಳಿ ಬೀಸಿತು. ಕಾದ ಲೈಟು ನಟಿಯ ಕಡೆಗೆ ವಾಲಿತು. ಕೈಗವಸು ಹಾಕಿಕೊಳ್ಳಲು ಪುರುಸೊತ್ತೆಲ್ಲಿ? ಬರಿಗೈಯಲ್ಲೇ ಹಿಡಿದು ನೆಟ್ಟಗೆ ಮಾಡಿದರು. ಬಾಯಿಂದ ಒಂದು ಸದ್ದೂ ಬರಲಿಲ್ಲ.

ಯಾಕಕ್ಕ ಕಿರುಚಲಿಲ್ಲ ಎಂದು ಕೇಳುತ್ತೇವೆ.

"ಶಾಟ್ ಕೆಡುತ್ತಲ್ಲ."

ತೆರೆಯ ಮೇಲೆ ಅದು ಬೇರೆಯೇ ಆಗಿ ಕಂಡಿತು. ಮುಖದ ಮೇಲಿನ ಬೆಳಕು ಜಾರಿ, ಕತ್ತಲಾಗಿ, ನಡುಗುತ್ತಾ ಮರಳಿ ಬಂತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ಬಹುಮಾನವೂ ಬಂತು. ಇದು ಹೇಗೆ ಹೊಳೆಯಿತು ಎಂದು ವೇದಿಕೆಯ ಮೇಲೆ ಕೇಳಿದಾಗ ಮಗಳು, "ಪಾತ್ರದ ತಳಮಳ ತೋರಿಸೋಕೆ ಯೋಚನೆ ಮಾಡಿಯೇ ಮಾಡಿದ್ದು," ಎಂದಳು. ಕೊನೆಯ ಸಾಲಿನಲ್ಲಿದ್ದ ತಾಯಿ, ಬ್ಯಾಂಡೇಜ್ ಸುತ್ತಿದ ಕೈಯಿಂದ ಚಪ್ಪಾಳೆ ಹೊಡೆಯಲಾಗದೆ, ಎಡಗೈಯಲ್ಲಿ ಮುಂದಿನ ಕುರ್ಚಿಯ ಬೆನ್ನು ತಟ್ಟಿದರಂತೆ. ಕೇಳಿದರೆ ಸಿಟ್ಟು ಬರುತ್ತದೆ. ಅವರಿಗಲ್ಲ, ನಮಗೆ.

ಅವರ ಸಂಕಟ ಬೇರೆ. ಆ ಶಾಟನ್ನು ಈಗ ತರಗತಿಯಲ್ಲಿ ಪಾಠ ಮಾಡುತ್ತಾರೆ. ಹೊಸದಾಗಿ ಬಂದವರೆಲ್ಲ ಲೈಟು ತೂಗಾಡಿಸಬೇಕೆಂದು ಚೀಲ ಬಿಟ್ಟೇ ಹೋಗುತ್ತಾರೆ. ಹೋದ ಸಲ ಲೈಟು ಬಿದ್ದು ಒಬ್ಬ ಹುಡುಗಿಯ ತಲೆಗೆ ಹೊಲಿಗೆ ಹಾಕಬೇಕಾಯಿತು. ಅಡ್ಡ ಬಂದು ಹಿಡಿಯಲು ಬೇಡಕ್ಕ ಅಲ್ಲಿರಲಿಲ್ಲ. ಕೈ ಕೆಟ್ಟ ಮೇಲೆ ಅವರನ್ನು ಶೂಟಿಂಗಿಗೆ ಕಳಿಸುವುದನ್ನೇ ನಿಲ್ಲಿಸಿದ್ದಾರೆ. ಲೈಟು ಬಿದ್ದದ್ದಕ್ಕೆ ಮೇಲಿನವರು ಬೈದದ್ದು ಮಾತ್ರ ಇವರನ್ನೇ.

ನಿಜ ಏನೆಂದು ಆ ಪಾಠ ಮಾಡುವ ಮೇಷ್ಟ್ರಿಗೆ ಹೇಳಿದ್ದೂ ಆಯಿತು. ಅವರು ನಕ್ಕು, "ಮಗಳಿಗೆ ಬಂದ ಹೆಸರಲ್ಲಿ ನಿಮಗೂ ಪಾಲು ಬೇಕಾ ಅಕ್ಕಾ?" ಅಂದರಂತೆ. ಅಂದಿನಿಂದ ಅವರ ಮುಂದೆ ಬಾಯಿ ಬಿಟ್ಟಿಲ್ಲ. ಈಗ ದೊಡ್ಡ ಸಿನಿಮಾಗಳಲ್ಲಿ ಕೆಲಸ ಮಾಡುವ ಮಗಳಿಗೆ ಫೋನ್ ಮಾಡಿದರೆ, "ಅಮ್ಮಾ, ಅದೆಲ್ಲಾ ಈಗ್ಯಾಕೆ?" ಎನ್ನುತ್ತಾಳೆ. ತಾಯಿಯನ್ನು ಅವಳು ಚೆನ್ನಾಗಿಯೇ ನೋಡಿಕೊಳ್ಳುತ್ತಾಳೆ. ಕೈಗೆ ದುಬಾರಿ ಮುಲಾಮು ಕಳಿಸುತ್ತಾಳೆ.

ಬಾಗಿಲಲ್ಲಿ ಇಬ್ಬರು ವಿದ್ಯಾರ್ಥಿಗಳು ಬಂದು ನಿಲ್ಲುತ್ತಾರೆ. ಲೈಟು ಬೇಕಂತೆ, ಚೀಲ ಬೇಡವಂತೆ. ಬೇಡಕ್ಕ "ಆಗಲ್ಲ" ಎನ್ನುತ್ತಾರೆ. ಹುಡುಗರಲ್ಲೊಬ್ಬ ಅದೇ ಮೇಷ್ಟ್ರಿಗೆ ಫೋನ್ ಹಚ್ಚಿ ಇವರ ಕಿವಿಗೆ ಹಿಡಿಯುತ್ತಾನೆ. ಕೇಳಿಸಿಕೊಂಡು, ಎದ್ದು ಹೋಗಿ ಲೈಟು ತಂದು ಕೊಡುತ್ತಾರೆ. ಹಿಂದೆಯೇ ಒಂದು ಚೀಲ ಹೊತ್ತು ಮೆಟ್ಟಿಲವರೆಗೆ ಹೋಗುತ್ತಾರೆ. "ಇರಲಿ, ತಗೊಂಡ್ಹೋಗ್ರೋ. ಭಾರ ಅನ್ನಿಸಿದ್ರೆ ಮೇಲೆ ಬಿಸಾಕಿ." ಹುಡುಗರು ತಿರುಗಿಯೂ ನೋಡುವುದಿಲ್ಲ.

ಬೇಡಕ್ಕ ಚೀಲವನ್ನು ಮೆಟ್ಟಿಲ ಮೇಲಿಟ್ಟು ಪಕ್ಕದಲ್ಲಿ ಕೂತುಕೊಳ್ಳುತ್ತಾರೆ. ಮಗಳಿಂದ ಏನಾಗಬೇಕು ಎಂದು ಕೇಳಿದರೆ ಚೀಲದ ಹೊಲಿಗೆಯನ್ನು ಎಡಗೈಯಲ್ಲಿ ತಡವುತ್ತಾ ಹೇಳುತ್ತಾರೆ:

"ಬಹುಮಾನ ಅವಳ ಹತ್ರಾನೇ ಇರ್ಲಿ, ನಂಗೇನು ಮಾಡೋಕೆ? ಒಂದ್ಸಲ ಬಂದು ಈ ಮಕ್ಳ ಮುಂದೆ ನಿಂತು, ಅದು ನಾನು ಬೇಕಂತ ಮಾಡಿದ್ದಲ್ಲ, ಲೈಟು ಬೀಳ್ತಾ ಇತ್ತು ಅಂದ್ರೆ ಸಾಕು. ಹಿಡಿದವರು ಯಾರು ಅಂತಾನೂ ಹೇಳೋದು ಬೇಡ."