ಮೂಲೆಯಿಲ್ಲದ ಇಂಜಿನ್

ಪುಟ್ಟಲಿಂಗಣ್ಣನವರಿಗೆ ಮೂಲೆಯಿರುವ ಯಾವ ವಸ್ತುವಿನ ಮೇಲೂ ನಂಬಿಕೆಯಿರಲಿಲ್ಲ. ಚನ್ನಪಟ್ಟಣದಲ್ಲಿ ಲೇತಿನ ಮುಂದೆ ಕೂತು, ಹಾಲೆಮರ ತಿರುವಿ ಬುಗುರಿ, ಗಿಲಕಿ, ಬೊಂಬೆ ಮಾಡುತ್ತಲೇ ಕೂದಲು ಬೆಳ್ಳಗಾದವರು. ಪೆಟ್ಟಿಗೆ, ಮೇಜು, ಕೊನೆಗೆ ಇಟ್ಟಿಗೆ ಕಂಡರೂ ಮುಖ ಸಿಂಡರಿಸಿ, "ಮೂಲೆ ಐತೆ ಅಂದ್ರೆ ಕೆಲ್ಸ ಇನ್ನೂ ಮುಗ್ದಿಲ್ಲ ಅಂತ ಕಣಪ್ಪ" ಅನ್ನುತ್ತಿದ್ದರು.

ಅವರ ಮನೆಯ ಹಿಂದಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ರೈಲ್ವೆಯಲ್ಲಿ ಸಹಾಯಕ ಡ್ರೈವರ್. ಬಿಡದಿ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ ಅದು. ನಮ್ಮ ಬೀದಿಯ ಅರ್ಧ ಜನ ಬೆಳಿಗ್ಗೆಯೇ ಕಂಪನಿ ಬಸ್ಸು ಹತ್ತುತ್ತಿದ್ದರು. ಪುಟ್ಟಲಿಂಗಣ್ಣ ಮಾತ್ರ ಜಪ್ಪಯ್ಯ ಅಂದರೂ ಲೇತು ಬಿಟ್ಟು ಏಳುತ್ತಿರಲಿಲ್ಲ. ನನ್ನನ್ನು 'ಅರ್ಧ ಡ್ರೈವರು' ಎಂದು ಛೇಡಿಸುತ್ತಿದ್ದರು. ಅದು ಸುಳ್ಳೂ ಅಲ್ಲ. ಪೂರ್ತಿ ಡ್ರೈವರ್ ಆಗುವ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿದ್ದೆ. ಇಂಜಿನ್ ಒಳಗೆ ಏನೇನಾಗುತ್ತದೆ ಹೇಳು ಅಂದಾಗ ಬಾಯಿಪಾಠ ಮಾಡಿದ್ದೆಲ್ಲ ಮರೆತು ಕಂಬದಂತೆ ನಿಂತಿದ್ದೆ. ಇನ್ನೊಮ್ಮೆ ಹಾಗಾದರೆ ಅರ್ಧ ಡ್ರೈವರಾಗಿಯೇ ಉಳಿಯಬೇಕಿತ್ತು.

ಇದನ್ನು ಕೇಳಿದ ಪುಟ್ಟಲಿಂಗಣ್ಣ, ನಿನ್ನ ಇಂಜಿನ್ನನ್ನು ಮರದಲ್ಲಿ ಮಾಡಿಕೊಡುತ್ತೇನೆ, ನೋಡಿ ಕಲಿ ಅಂದರು. ಅಂದಮೇಲೆ ಪೇಚಿಗೆ ಸಿಕ್ಕಿಕೊಂಡರು. ಹಳೆಯ ಉಗಿ ಇಂಜಿನ್ನಾದರೆ ಗುಂಡಗಿನ ಬಾಯ್ಲರು, ಗುಂಡಗಿನ ಚಿಮಣಿ. ಲೇತಿಗೆ ಹೇಳಿ ಮಾಡಿಸಿದಂತಿರುತ್ತದೆ. ನನ್ನದು ಡಬ್ಲ್ಯುಡಿಎಂ-2 ಎಂಬ ಡೀಸೆಲ್ ಇಂಜಿನ್, ಅರವತ್ತರ ದಶಕದಲ್ಲಿ ಅಮೆರಿಕದ ನಕ್ಷೆಯಿಂದ ಬಂದದ್ದು. ಹೊರಗಿನಿಂದ ಬರೀ ಉದ್ದನೆಯ ಪೆಟ್ಟಿಗೆ. ದಿನಾ ಸ್ಟೇಷನ್ನಿಗೆ ಹೋಗಿ ಅದನ್ನು ದುರುಗುಟ್ಟಿ ನೋಡಿ ಬರುತ್ತಿದ್ದರು.

ಒಂದು ಮಧ್ಯಾಹ್ನ ಕೆಟ್ಟು ನಿಂತ ಇಂಜಿನ್ನಿನ ಪಕ್ಕದ ಬಾಗಿಲುಗಳನ್ನೆಲ್ಲ ತೆಗೆದಿದ್ದರು. ಡ್ರೈವರನ್ನು ಕೇಳಿಕೊಂಡು ಇವರನ್ನು ಕರೆದೊಯ್ದು, ಎರಡೂ ಬದಿ ಸುತ್ತಿಸಿ ತೋರಿಸಿದೆ. ಎಂಟೆಂಟರ ಎರಡು ಸಾಲಿನಲ್ಲಿ ಹದಿನಾರು ಸಿಲಿಂಡರು, ಅವುಗಳ ತುದಿಗೆ ಪೀಪಾಯಿಯಂಥ ಜನರೇಟರು, ಬಗ್ಗಿ ನೋಡಿದರೆ ಆರು ಅಚ್ಚಿಗೆ ಆರು ಮೋಟಾರು.

"ಒಳ್ಗೆಲ್ಲಾ ಗುಂಡ್ಗೇ ಐತಲ್ಲಪ್ಪ," ಅಂದವರು ಬಿಟ್ಟ ಬಾಯಿ ಮುಚ್ಚಲಿಲ್ಲ.

ಮೂರು ವಾರದಲ್ಲಿ ಪೆಟ್ಟಿಗೆಯೇ ಇಲ್ಲದ ಇಂಜಿನ್ ತಯಾರಾಯಿತು. ಕೆಂಪು ಅರಗಿನ ಸಿಲಿಂಡರು, ಹಳದಿ ಜನರೇಟರು, ಹಸಿರು ಮೋಟಾರು. ಎಲ್ಲವನ್ನೂ ತಾಳೆಗರಿಯಲ್ಲಿ ಉಜ್ಜಿ ಮಿರುಗಿಸಿದ್ದರು. ಆದರೆ ಕೈಯಲ್ಲಿ ಒಂದು ಉದ್ದ ಕಡ್ಡಿ ಉಳಿದಿತ್ತು. ಸಿಲಿಂಡರಿನ ಬಲವನ್ನು ಚಕ್ರಕ್ಕೆ ಒಯ್ಯುವ ಸಲಾಕೆ ಎಲ್ಲಿ ಕೂರಿಸಲಿ ಎಂದು ಕೇಳಿದರು. ಸಲಾಕೆ ಇಲ್ಲ, ಡೀಸೆಲ್ಲು ತಿರುಗಿಸುವುದು ಜನರೇಟರನ್ನು ಮಾತ್ರ, ಅದರ ಕರೆಂಟು ತಂತಿಯಲ್ಲಿ ಹೋಗಿ ಮೋಟಾರು ತಿರುಗಿಸುತ್ತದೆ, ಮೋಟಾರು ಚಕ್ರ ತಿರುಗಿಸುತ್ತದೆ ಎಂದೆ.

"ಅಷ್ಟುದ್ದ ರೈಲು ಎಳ್ಯಕ್ಕೆ ಮಧ್ಯದಲ್ಲಿ ಬರೀ ತಂತಿಯಾ?"

ಕಡ್ಡಿ ಕೆಳಗಿಟ್ಟು, ಜನರೇಟರಿಗೂ ಮೋಟಾರಿಗೂ ನಡುವಿನ ಖಾಲಿ ಜಾಗದಲ್ಲಿ ಬೆರಳಾಡಿಸಿದರು. ವರ್ಷಗಟ್ಟಲೆ ಆ ಇಂಜಿನ್ನಿನಲ್ಲಿ ಓಡಾಡಿದ ನನಗೂ, ಕೂತಿದ್ದದ್ದು ಎಂಥ ಅದ್ಭುತದೊಳಗೆ ಎಂದು ಅವತ್ತೇ ಗೊತ್ತಾದದ್ದು.

ಪರೀಕ್ಷೆಯಲ್ಲಿ ಅದನ್ನೇ ಕೇಳಿದರು. ಗಾಬರಿಯಲ್ಲಿ, ಕೆಂಪು ಹಳದಿಯನ್ನು ತಿರುಗಿಸುತ್ತದೆ ಅಂದುಬಿಟ್ಟೆ. ಅಧಿಕಾರಿಗಳು ಮುಖ ಮುಖ ನೋಡಿಕೊಂಡರು. ಆಮೇಲೆ ಒಂದೂ ತಪ್ಪದೆ ಹೇಳಿದೆ. ಪಾಸಾದೆ, ಬೇರೆ ಊರಿಗೆ ವರ್ಗವೂ ಆಯಿತು.

ಗೂಡ್ಸ್ ಡ್ರೈವರಾಗಿ ಮೊದಲ ಸಲ ಆ ದಾರಿಯಲ್ಲಿ ಬಂದಾಗ, ಎದುರಿನ ರೈಲಿಗಾಗಿ ಚನ್ನಪಟ್ಟಣದಲ್ಲಿ ನಿಲ್ಲಿಸಿದರು. ಮುಂಚೆಯೇ ಹೇಳಿ ಕಳಿಸಿದ್ದೆ. ಪುಟ್ಟಲಿಂಗಣ್ಣ ಪ್ಲಾಟ್‌ಫಾರಂ ತುದಿಗೆ ಬಂದು ನಿಂತಿದ್ದರು. ತುಂಬಾ ಸೊರಗಿದ್ದರು. ಎದುರಿನ ರೈಲು ದಾಟಿ ಹೋಯಿತು. ಅವರು ನನ್ನ ಇಂಜಿನ್ನಿನತ್ತ ತಿರುಗಿ, ಚಪ್ಪಲಿ ಬಿಟ್ಟು ಕೈಮುಗಿದರು. ಇಂಜಿನ್ನಿಗೆ ಅಂದುಕೊಂಡು ನಕ್ಕೆ.

"ಅದ್ಕಲ್ಲ, ನಿಂಗೆ ಕಣಪ್ಪ. ನಾ ಮಾಡಿದ್ದು ಒಂದಿಂಚು ಅಲ್ಲಾಡ್ನಿಲ್ಲ. ನೀನು ನಡಿಸ್ತಿದ್ದೀಯ."

ನನಗೆ ಕಲಿಸಿದವರು, ತಂದೆಯ ವಯಸ್ಸಿನವರು. ಇಳಿದು ಅವರ ಕಾಲಿಗೆ ಬೀಳಬೇಕೆನಿಸಿತು. ಅಷ್ಟರಲ್ಲಿ ಸಿಗ್ನಲ್ ಹಸಿರಾಗಿತ್ತು. ಮುಂದಿನ ಸಲ ಬಂದಾಗ ಇಳಿದೇ ಇಳಿಯುತ್ತೇನೆ ಅಂದುಕೊಂಡು ಗಾಡಿ ತೆಗೆದೆ. ಮುಂದಿನ ಸಲ ಬರುವಷ್ಟರಲ್ಲಿ ಅವರು ಇರಲಿಲ್ಲ.