ಧೂಳು ನುಗ್ಗದ ಪೆಟ್ಟಿಗೆ

ಬನಹಟ್ಟಿಯ ನಮ್ಮ ಮನೆಯಲ್ಲಿ ಮಗಳ ಕೋಣೆ ಎಂದರೆ ಹಿಂದೆ ನೂಲು ಇಡುತ್ತಿದ್ದ ಕೋಣೆ. ಗೋಡೆಯಾಚೆ ನಾಲ್ಕು ಪಾವರ್‌ಲೂಮ್ ಬೆಳಗಿನಿಂದ ಖಟಖಟ ಎನ್ನುತ್ತವೆ, ಈಚೆ ನೂಲಿನ ಧೂಳು ಬಂದು ಕೂರುತ್ತದೆ. ಬೆಳಿಗ್ಗೆ ಒರೆಸಿದ ಗೊಂಬೆಯ ತಲೆ ಸಂಜೆಗೆ ನರೆತಿರುತ್ತದೆ. ಮಗಳಿಗೆ ಆಗ ಐದು ವರ್ಷ. ಧೂಳಿಗೆ ಕೆಮ್ಮು ಬೇರೆ. ಅವಳ ಸಾಮಾನನ್ನೆಲ್ಲ ಮುಚ್ಚಿಡಲೇಬೇಕೆಂದು ನಾನು ಹಟ ಹಿಡಿದೆ.

ಹಟ ನನ್ನ ಹುಟ್ಟುಗುಣ. ಉಳಿದ ಸೀರೆಬಟ್ಟೆಯಿಂದ ಗೋಡೆಗೆ ತೂಗುಹಾಕುವ ಜೇಬುಗಳನ್ನು ಹೊಲಿದೆ. ಬಣ್ಣದ ಪೆನ್ಸಿಲಿಗೆ ಒಂದು, ಕಾಲುಚೀಲಕ್ಕೆ ಒಂದು, ರಿಬ್ಬನ್ನಿಗೆ ಒಂದು. ಅವಳ ಕೈಗೆಟುಕುವ ಎತ್ತರದಲ್ಲಿ ಪುಸ್ತಕದ ಹಲಗೆ ಹೊಡೆಸಿ ಪರದೆ ಬಿಟ್ಟೆ. ಆಟದ ಸಾಮಾನಿಗೆಂದು ನೂಲು ತುಂಬಿಡುತ್ತಿದ್ದ ಹಳೆಯ ಕಟ್ಟಿಗೆಯ ಪೆಟ್ಟಿಗೆಗೆ ನವಿಲುಬಣ್ಣ ಬಳಿದೆ. ಸಂದಿಯಲ್ಲಿ ಧೂಳು ನುಗ್ಗದಿರಲೆಂದು ಸೈಕಲ್ ಟ್ಯೂಬ್ ಕತ್ತರಿಸಿ ಅಂಚಿನ ಸುತ್ತ ಮೊಳೆ ಹೊಡೆದೆ. ಬಿಗಿಯಾಗಿ ಕೂರಲೆಂದು ಕಬ್ಬಿಣದ ಕೊಂಡಿಯನ್ನೂ ಹಾಕಿದೆ. ಮುಚ್ಚಳ ಬಿದ್ದರೆ ಕೊಂಡಿ ತಾನೇ ಸಿಕ್ಕಿಕೊಳ್ಳುತ್ತಿತ್ತು. ಓಣಿಯ ಹೆಂಗಸರು ನೋಡಲು ಬಂದರು. ಹೊಗಳಿಸಿಕೊಂಡು ಉಬ್ಬಿಹೋದೆ.

ನನ್ನ ಗಂಡ ಮಾತ್ರ ಕೊಂಡಿಯನ್ನು ಎತ್ತಿ ಇಳಿಸಿ ನೋಡಿದರು.

“ಇದ್ಯಾಕ ಬೇಕಿತ್ತು? ಹುಡುಗಿ ಒಳಗ ಇಳದ್ರ?”

“ಅಕಿ ಏನ್ ಬೆಕ್ಕ ಏನ್ರಿ, ಪೆಟಗ್ಯಾಗ ಹೋಗಿ ಕುಂಡ್ರಾಕ? ನಿಮಗ ನಾ ಮಾಡಿದ್ದೆಲ್ಲಾ ತಪ್ಪ ಕಾಣ್ತೈತಿ.”

ಅವರು ಕೊಂಡಿ ಬಿಟ್ಟು ಮಗ್ಗದ ಕಡೆ ನಡೆದರು. ನಾನು ಗೆದ್ದೆ ಎಂದುಕೊಂಡೆ.

ಒಂದು ರವಿವಾರ ಮಧ್ಯಾಹ್ನ, ಮಗ್ಗದಲ್ಲಿ ಕಡಿದ ಎಳೆಗಳಿಗೆ ಗಂಟು ಹಾಕಿ ಕೋಣೆಗೆ ಬಂದರೆ ಮಗಳಿಲ್ಲ. ಹಿತ್ತಿಲು, ಮಾಳಿಗೆ, ಪಕ್ಕದ ಮನೆ, ಎಲ್ಲೂ ಇಲ್ಲ. ಅವಳ ಚಪ್ಪಲಿ ಮಾತ್ರ ಹೊಸ್ತಿಲ ಬಳಿ ಹಾಗೇ ಇದ್ದವು. ಬರಿಗಾಲಲ್ಲಿ ಹೊರಗೆ ಹೋಗುವ ಹುಡುಗಿಯಲ್ಲ ಅವಳು.

“ಮಗ್ಗ ಬಂದ್ ಮಾಡ್ರಿ!” ಎಂದು ಕಿರುಚಿದೆ. ಗಂಡನಿಗೆ ಕೇಳಿಸಲಿಲ್ಲ. ನಾನೇ ಹೋಗಿ ಮೇನ್ ಸ್ವಿಚ್ ಎಳೆದೆ. ಸೀರೆ ನೇಯುವ ನಡುವೆ ಮಗ್ಗ ನಿಂತರೆ ಬಟ್ಟೆಯಲ್ಲಿ ಪಟ್ಟೆ ಬೀಳುತ್ತದೆ. ಸಿಟ್ಟಿನಿಂದ ತಿರುಗಿದ ಅವರು ನನ್ನ ಮುಖ ನೋಡಿ, ಏನೆಂದು ಕೇಳಿಕೊಂಡು, ಪಕ್ಕದ ಮನೆಯ ಮಗ್ಗ ನಿಲ್ಲಿಸಲು ಓಡಿದರು. ಅಲ್ಲಿಯವು ನಿಂತವು, ಅದರಾಚೆಯವೂ ನಿಂತವು. ಕರೆಂಟು ಹೋದಾಗ ಬಿಟ್ಟರೆ ನಮ್ಮ ಓಣಿ ಹಾಗೆ ತೆಪ್ಪಗಾಗುವುದಿಲ್ಲ. ಹೆಸರು ಹಿಡಿದು ಕೂಗಿದೆ. ಕಿವಿಗೊಟ್ಟೆ. ಏನೂ ಇಲ್ಲ. ಮನೆಯೊಳಗಿದ್ದರೆ ಅಳುವ ದನಿಯಾದರೂ ಬರಬೇಕಿತ್ತಲ್ಲ. ಗಂಡ ಬೈಕಿನ ಕೀಲಿ ಹುಡುಕತೊಡಗಿದರು.

ನಾನು ಮತ್ತೆ ಅವಳ ಕೋಣೆಗೆ ಬಂದೆ. ಮಂಚದ ಮೇಲೆ ಗೋಡೆಗೆ ಒರಗಿಸಿ ಗೊಂಬೆ, ಚೆಂಡು, ಅಡುಗೆ ಆಟದ ಪುಟ್ಟ ಪಾತ್ರೆಗಳನ್ನು ಸಾಲಾಗಿ ಇಟ್ಟಿದ್ದಳು. ಪೆಟ್ಟಿಗೆಯಲ್ಲಿರಬೇಕಾದದ್ದು ಒಂದೂ ಬಿಡದೆ ಹೊರಗಿತ್ತು.

ಕೊಂಡಿ ಎತ್ತಿ ಮುಚ್ಚಳ ತೆರೆದೆ. ಒಳಗೆ ಅವಳು ಮುದುಡಿಕೊಂಡು ಬಿದ್ದಿದ್ದಳು, ಮುಖ ಕೆಂಪಾಗಿ, ಕೂದಲೆಲ್ಲ ಬೆವರಿಗೆ ಅಂಟಿಕೊಂಡು. ಒಂದು ಕೈ ಮಾತ್ರ ಮುಖದ ಮುಂದೆ ಮೆಲ್ಲಗೆ ಆಡುತ್ತಿತ್ತು.

ಎತ್ತಿ ಎದೆಗೆ ಅವಚಿಕೊಂಡೆ. “ಯಾಕ ಒದರ್ಲಿಲ್ಲ? ನಾ ಎಷ್ಟ ಕರದೆ!”

ಉಸಿರೆಳೆದುಕೊಳ್ಳುತ್ತ ಹೇಳಿದಳು, “ಕೈ ಮಾಡಿದ್ನಿ ಅವ್ವಾ. ಭಾಳ ಹೊತ್ತ ಕೈ ಮಾಡಿದ್ನಿ. ನೀ ನೋಡ್ಲೇ ಇಲ್ಲ.”

ಮಗ್ಗದ ಮನೆಯಲ್ಲಿ ಬಾಯಿಂದ ಕರೆದರೆ ಯಾರಿಗೂ ಕೇಳಿಸುವುದಿಲ್ಲ. ಹಸಿವಾದರೆ ಹೊಟ್ಟೆ ಮುಟ್ಟಿ ತೋರಿಸಬೇಕು, ಅವ್ವ ಬೇಕಾದರೆ ಕೈ ಬೀಸಬೇಕು. ನಡೆಯಲು ಕಲಿತಾಗಿನಿಂದ “ಒದರಬ್ಯಾಡ, ಕೈ ಮಾಡ” ಎಂದು ಹೇಳಿಕೊಟ್ಟವಳು ನಾನೇ. ಆ ಕತ್ತಲಲ್ಲಿ, ನನ್ನ ಕೂಗಿಗೆ ಉತ್ತರವಾಗಿಯೂ, ಅವಳು ಕೈಯನ್ನೇ ಆಡಿಸಿದ್ದಳು.

ಗಂಡ ಸ್ಕ್ರೂಡ್ರೈವರ್ ತಂದು ಮುಚ್ಚಳವನ್ನೇ ಬಿಚ್ಚಿಹಾಕಿದರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಈಗ ಪೆಟ್ಟಿಗೆಯ ಮೇಲೆ ಒಂದು ಹಳೆಯ ಸೀರೆ ಹೊದಿಸಿದ್ದೇನೆ. ಧೂಳು ಒಳಗೆ ನುಗ್ಗುತ್ತದೆ, ಒರೆಸುತ್ತೇನೆ.

ಅಂದು ಓಣಿಯ ಮಗ್ಗಗಳು ಮತ್ತೆ ಶುರುವಾಗುವ ಮೊದಲು ಅವಳನ್ನು ಎದುರು ಕೂರಿಸಿಕೊಂಡು “ಒದರ” ಎಂದೆ. ಅವಳು ಅಪ್ಪನ ಮುಖ ನೋಡಿ ನಾಚಿಕೊಂಡಳು. ನಾನು ಬಿಡಲಿಲ್ಲ. “ಅವ್ವಾ” ಎಂದಳು, ನನಗಷ್ಟೇ ಕೇಳಿಸುವಂತೆ.

“ಇನ್ನೂ ಜೋರ,” ಎಂದೆ. ಐದು ವರ್ಷದ ಮಗಳಿಗೆ ಅವ್ವನನ್ನು ಕೂಗುವುದನ್ನು ನಾನು ಅಂದು ಮೊದಲ ಸಲ ಕಲಿಸಿದೆ.